ಹಿಡನ್ ಜೆಮ್ ಅಂತೆ! ಯಾರಿಗೆ ಹಿಡನ್ ಗುರು?

(1/7)

ಈ ವಾರ ನನ್ನ ಫೀಡ್‌ನಲ್ಲಿ ಒಂದೇ ಪೋಸ್ಟ್ ಮೂರು ಸಲ ಬಂತು. "ಸಾಯೋದ್ರೊಳಗೆ ನೋಡ್ಲೇಬೇಕಾದ ಭಾರತದ 10 ಕಾಡುಗಳು." ಕಾಜಿರಂಗಾ, ರಣಥಂಬೋರ್, ಜಿಮ್ ಕಾರ್ಬೆಟ್, ಗಿರ್, ಸುಂದರಬನ್. ನಮ್ಮ ಕ್ಲಾಸಿನ ಅರ್ಧ ಜನ ಸೇವ್ ಮಾಡ್ಕೊಂಡಿದ್ದೀರ. ಮಾಡ್ಕೊಳ್ಳಿ, ತಪ್ಪೇನಿಲ್ಲ. ದುಡ್ಡು ಕೂಡಿದಾಗ ಹೋಗೋಣ.

ನನಗೆ ಜಗಳ ಇರೋದು ಅದರ ಕೆಳಗೆ ಬರೋ ಇನ್ನೊಂದು ಥರ ರೀಲ್ ಮೇಲೆ. ಡ್ರೋನ್ ಶಾಟ್, ಹಿಂದೆ ಒಂದು ಸಾಂಗ್, ಮೇಲೆ ದಪ್ಪ ಅಕ್ಷರ: "ಯಾರಿಗೂ ಗೊತ್ತಿಲ್ಲದ ಹಿಡನ್ ಜೆಮ್." ಅದು ಯಾವ ಜಾಗ ಅಂತ ನೋಡಿದ್ರೆ ನಾಗಮಲೆ. ಇಲ್ಲ ಬಿಳಿಗಿರಿರಂಗನ ಬೆಟ್ಟ. ಇಲ್ಲ ಗೋಪಿನಾಥಂ. ಯಾರಿಗೂ ಗೊತ್ತಿಲ್ಲ ಅಂದ್ರೆ ಏನರ್ಥ? ಅಮಾವಾಸ್ಯೆಗೆ ಕೊಳ್ಳೇಗಾಲ ಬಸ್ ಸ್ಟ್ಯಾಂಡ್‌ನಲ್ಲಿ ನಿಂತು ನೋಡಿ, ಮಾದಪ್ಪನ ಬೆಟ್ಟದ ಬಸ್ಸಿಗೆ ಕಾಲಿಡೋಕೆ ಜಾಗ ಸಿಕ್ಕಲ್ಲ. ಅಷ್ಟು ಜನಕ್ಕೆ ಗೊತ್ತಿರೋದು ಇವರಿಗೆ ಹಿಡನ್. ಅಂದ್ರೆ ನಾವು ಲೆಕ್ಕಕ್ಕಿಲ್ಲ.

ಬೇಜಾರು ಇನ್ನೂ ಜಾಸ್ತಿ ಆಗೋದು ಆ ರೀಲ್‌ಗೆ ಹಾರ್ಟ್ ಒತ್ತೋರು ನಮ್ಮೂರೋರೇ ಆಗಿರೋದಕ್ಕೆ. ಕೆಳಗೆ ಕಾಮೆಂಟ್ ಬೇರೆ, "ನಮ್ಮೂರು ಫೇಮಸ್ ಆಯ್ತು".

ಸ್ವಲ್ಪ ಲೆಕ್ಕ ನೋಡೋಣ. ಬಿಆರ್‌ಟಿ ಹುಲಿ ಸಂರಕ್ಷಿತ ಪ್ರದೇಶ ಸುಮಾರು 574 ಚದರ ಕಿ.ಮೀ. ಮಲೆ ಮಹದೇಶ್ವರ ವನ್ಯಜೀವಿಧಾಮ 906. ಪಕ್ಕದಲ್ಲೇ ಕಾವೇರಿ ವನ್ಯಜೀವಿಧಾಮ, ಅದು ನಮ್ಮ ಜಿಲ್ಲೆ ದಾಟಿ ಆಚೆಗೂ ಹೋಗುತ್ತೆ, 1000ಕ್ಕಿಂತ ಜಾಸ್ತಿ. ಆ ಕಡೆ ಬಂಡೀಪುರ. ಕರ್ನಾಟಕದಲ್ಲಿರೋ ಐದು ಹುಲಿ ಸಂರಕ್ಷಿತ ಪ್ರದೇಶದಲ್ಲಿ ಎರಡು ಚಾಮರಾಜನಗರ ಜಿಲ್ಲೆಯಲ್ಲಿವೆ. 2022ರ ಗಣತಿಯಲ್ಲಿ ರಾಜ್ಯದ ಹುಲಿ 563, ಮಧ್ಯಪ್ರದೇಶ ಬಿಟ್ರೆ ದೇಶಕ್ಕೇ ನಾವು. ಸರಿ, ಹೆಮ್ಮೆ ಪಡೋಣ.

ಆದ್ರೆ ಡೆಬಿಟ್ ಇದ್ದ ಮೇಲೆ ಕ್ರೆಡಿಟ್ ಇರ್ಲೇಬೇಕು ಅಂತ ನಮಗೆ ಫಸ್ಟ್ ಸೆಮ್‌ನಲ್ಲೇ ಹೇಳಿಕೊಟ್ಟಿದಾರೆ. ಇಷ್ಟು ಕಾಡು ಉಳಿದಿದೆ ಅಂದ್ರೆ ಅದಕ್ಕೆ ಯಾರೋ ಬಿಲ್ ಕಟ್ತಾ ಇದಾರೆ. ಸಫಾರಿ ಟಿಕೆಟ್ ತಗೊಂಡವರಲ್ಲ. ಈ ಸೀರೀಸ್ ಆ ಬಿಲ್ ಬಗ್ಗೆ.

(2/7)

ಮೊದಲು ನಾಗಮಲೆ. ನಿಮಗೆಲ್ಲ ಇಷ್ಟ ಅಲ್ವಾ ಅದು.

ಮಾದಪ್ಪನ ಬೆಟ್ಟದಿಂದ ಜೀಪಲ್ಲಿ ಕುಲುಕಾಡ್ಕೊಂಡು ಇಂಡಿಗನತ್ತ, ಅಲ್ಲಿಂದ ನಡಿಗೆ, ಮೇಲೆ ಹೋದ್ರೆ ಲಿಂಗಕ್ಕೆ ನಾಗರಹಾವು ಹೆಡೆ ಎತ್ತಿದ ಹಾಗೆ ನಿಂತಿರೋ ಬಂಡೆ. ಚೆನ್ನಾಗಿದೆ, ನಿಜ. ರೀಲ್‌ನಲ್ಲಿ ಆ ಜೀಪ್ ಎಗರೋದನ್ನ ಸ್ಲೋ ಮೋಷನ್‌ನಲ್ಲಿ ಹಾಕಿ "ಆಫ್‌ರೋಡ್ ಅಡ್ವೆಂಚರ್" ಅಂತಾರೆ. ಅದೇ ದಾರೀಲಿ ಹೆರಿಗೆ ನೋವು ಬಂದ ಹೆಂಗಸನ್ನ ಕರ್ಕೊಂಡು ಬಂದ್ರೆ ಅದಕ್ಕೆ ಏನಂತ ಹೆಸರಿಡ್ತೀರ?

ಇಂಡಿಗನತ್ತ, ಮೆಂದಾರೆ, ತುಳಸಿಕೆರೆ, ಪಡಸಲನತ್ತ, ಇವೆಲ್ಲ ಊರುಗಳು. ಮನೆಗಳಿವೆ, ಮಕ್ಕಳಿದಾರೆ. ತಲೆಮಾರುಗಳಿಂದ ಮಾದಪ್ಪನ ಪೂಜೆ ಮಾಡ್ಕೊಂಡು ಬಂದಿರೋ ಬೇಡಗಂಪಣರು ಈ ಬೆಟ್ಟದ ಹಳ್ಳಿಗಳೋರೇ. ಈ ಹಳ್ಳಿಗಳಿಂದ ರೋಗಿಗಳನ್ನ ಡೋಲಿ ಕಟ್ಟಿ ಹೊತ್ತು ತಂದ ಸುದ್ದಿ ಪೇಪರ್‌ನಲ್ಲಿ ಎಷ್ಟು ಸಲ ಬಂದಿದೆ ಅಂತ ಹುಡುಕಿ ನೋಡಿ.

2024ರ ಏಪ್ರಿಲ್ 26, ಲೋಕಸಭೆ ಚುನಾವಣೆ ದಿನ. ರಸ್ತೆ ಇಲ್ಲ, ನೀರಿಲ್ಲ, ವೋಟ್ ಹಾಕಲ್ಲ ಅಂತ ಇಂಡಿಗನತ್ತದೋರು ಕೂತರು. ಮನವೊಲಿಸೋಕೆ ಅಧಿಕಾರಿಗಳು ಬಂದ್ರು, ಮಾತಿಗೆ ಮಾತು ಬೆಳೀತು, ಕೊನೆಗೆ ಮತಗಟ್ಟೆಯನ್ನೇ ಪುಡಿ ಮಾಡಿದ್ರು, ಮತಯಂತ್ರವೂ ಹೋಯ್ತು. 29ಕ್ಕೆ ಮರುಮತದಾನ ಇಟ್ರು. ಅದಕ್ಕೂ ಊರಿನ ಬಹುಪಾಲು ಜನ ಬರಲಿಲ್ಲ. ಮತಗಟ್ಟೆ ಒಡೆದಿದ್ದು ಸರಿ ಅಂತ ನಾನು ಹೇಳ್ತಿಲ್ಲ. ಆದ್ರೆ ಆ ವಾರ ದೇಶದ ಟಿವಿಯಲ್ಲೆಲ್ಲ ಬಂದ ಊರಿನ ಮೇಲೆ ಹಾದು ಹೋಗಿ, ವಾಪಸ್ ಬಂದು, "ಇಲ್ಲಿ ಯಾರೂ ಇಲ್ಲ, ಬರೀ ಶಾಂತಿ" ಅಂತ ಕ್ಯಾಪ್ಷನ್ ಹಾಕೋದಿದೆಯಲ್ಲ, ಅದಕ್ಕೆ ಎಷ್ಟು ಕಣ್ಣು ಮುಚ್ಚಬೇಕು ಯೋಚನೆ ಮಾಡಿ.

ಈಗ ಒಬ್ಬ ಬುದ್ಧಿವಂತ ಕಾಮೆಂಟ್ ಮಾಡ್ತಾನೆ, ಗೊತ್ತು ನನಗೆ: "ವನ್ಯಜೀವಿಧಾಮದೊಳಗೆ ರಸ್ತೆ ಮಾಡಿದ್ರೆ ಪ್ರಾಣಿಗಳ ಗತಿ?" ಒಳ್ಳೇ ಪ್ರಶ್ನೆ. ಅಗಲವಾದ ಟಾರ್ ರೋಡ್ ಬಂದ್ರೆ ಅದರ ಹಿಂದೇನೆ ರೆಸಾರ್ಟ್ ಬರುತ್ತೆ, ರಾತ್ರಿ ಸ್ಪೀಡಾಗಿ ಕಾರುಗಳು ಬರ್ತವೆ. ಅದು ಬೇಡವೇ ಬೇಡ. ಆದ್ರೆ ಟೂರಿಸ್ಟ್ ಜೀಪ್ ಹೋಗೋ ದಾರೀಲಿ ಆಂಬುಲೆನ್ಸ್ ಯಾಕೆ ಹೋಗಬಾರದು? ಈ ಬೆಟ್ಟದ ಮಕ್ಕಳಿಗೆ, ರೋಗಿಗಳಿಗೆ ಅಂತ ಅರಣ್ಯ ಇಲಾಖೆಯೇ "ಜನ-ವನ ಸಾರಿಗೆ" ಅಂತ ಜೀಪ್ ಬಿಟ್ಟಿತ್ತು. ಅಂದ್ರೆ ಕಾಡಿಗೆ ತೊಂದರೆ ಆಗದ ಹಾಗೆ ದಾರಿ ಹುಡುಕೋಕೆ ಆಗುತ್ತೆ ಅಂತ ಇಲಾಖೆಗೇ ಗೊತ್ತಿದೆ.

(3/7)

ಈಗ ಯಳಂದೂರು ಕಡೆ ಬನ್ನಿ. ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿದ್ರೆ ಬಿಳಿಗಿರಿರಂಗನ ಬೆಟ್ಟ. ಇದು ಸ್ವಲ್ಪ ಉದ್ದ ಇದೆ, ಓದಿ.

"ಕಾಡು ಅಂದ್ರೆ ಜನ ಇರಬಾರದು" ಅಂತ ನಮ್ಮ ತಲೇಲಿ ಯಾರೋ ತುಂಬಿದಾರೆ. ಟಿವಿ ಇರಬಹುದು, ಶಾಲೆ ಪುಸ್ತಕ ಇರಬಹುದು. ಬಿಳಿಗಿರಿಯಲ್ಲಿ ಅದು ಯಾವತ್ತೂ ನಿಜ ಆಗಿರಲಿಲ್ಲ. ಸೋಲಿಗರಿಗೆ ರಂಗಸ್ವಾಮಿ ಬರೀ ದೇವರಲ್ಲ, ಭಾವ. ಕುಸುಮಾಲೆ ಅನ್ನೋ ಸೋಲಿಗರ ಹುಡುಗೀನ ಮದುವೆಯಾದ ಅಂತ ಅವರ ಕತೆ. ದೇವರನ್ನೇ ನೆಂಟ ಮಾಡ್ಕೊಂಡಿರೋರಿಗೆ ಆ ಬೆಟ್ಟ ಹಿಡನ್ನಾ? ಭಾರ್ಗವಿ ಹೊಳೆ ಹತ್ತಿರ ದೊಡ್ಡ ಸಂಪಿಗೆ ಮರ ಇದೆಯಲ್ಲ, ನೀವು ತಬ್ಬಿಕೊಂಡು ಫೋಟೋ ತೆಗೆಸಿಕೊಳ್ಳೋದು, ಅದು ಅವರಿಗೆ ದೇವಸ್ಥಾನ. ಅಂಥ ಪೂಜೆಯ ಜಾಗ ಆ ಕಾಡಲ್ಲಿ ನೂರಾರಿವೆ. ಬರೀ ಬಂಡೆ, ಅಬ್ಬಿ, ಮರ ಅಂತ ನಾವು ನೋಡೋದಕ್ಕೆಲ್ಲ ಅವರ ಹತ್ರ ಹೆಸರಿದೆ.

1974ರಲ್ಲಿ ಅದು ವನ್ಯಜೀವಿಧಾಮ ಆಯ್ತು. ಒಳಗಿನ ಪೋಡುಗಳಲ್ಲಿದ್ದ ಎಷ್ಟೋ ಕುಟುಂಬಗಳನ್ನ ತಂದು ರಸ್ತೆ ಬದಿ, ಕಾಡಂಚಿನ ಕಾಲೋನಿಗಳಲ್ಲಿ ಇಟ್ರು. ಬೇಸಾಯ ನಿಲ್ತು, ಬೇಟೆ ನಿಲ್ತು. ತರಗು ಬೆಂಕಿನೂ ನಿಲ್ತು. ಇದು ಏನು ಅಂತ ನಮಗೆ ಗೊತ್ತಿರಲ್ಲ. ಬೇಸಿಗೆ ಜೋರಾಗೋ ಮುಂಚೆ, ನೆಲದ ಮೇಲೆ ಬಿದ್ದ ತರಗೆಲೆಗೆ ಸಣ್ಣದಾಗಿ ಬೆಂಕಿ ಕೊಡೋದು. ಎತ್ತರಕ್ಕೆ ಏಳಲ್ಲ, ಮರ ಸುಡಲ್ಲ. ಕಳೆ ಹೋಗುತ್ತೆ, ಹೊಸ ಹುಲ್ಲು ಬರುತ್ತೆ. ಅದನ್ನ ಅಪರಾಧ ಅಂತ ನಿಲ್ಲಿಸಿದ ಮೇಲೆ ಏನಾಯ್ತು? ಸೋಲಿಗ ಹಿರಿಯರು ಹೇಳೋದು: ಲಂಟಾನ ಬಂತು, ನೆಲ್ಲಿ ಮರಕ್ಕೆ ಬದನಿಕೆ ಹತ್ತಿತು. ಇವತ್ತು ಘಾಟ್ ರಸ್ತೆ ಎರಡೂ ಕಡೆ ನೋಡಿ. ಹಸಿರು ಹಸಿರು ಅಂತ ನೀವು ಫೋಟೋ ಹೊಡೆಯೋದ್ರಲ್ಲಿ ಎಷ್ಟೋ ಭಾಗ ಲಂಟಾನ. ಅದು ಈ ದೇಶದ ಗಿಡವೂ ಅಲ್ಲ. ಜಿಂಕೆ, ಕಡವೆ ತಿನ್ನೋ ಹುಲ್ಲನ್ನ ಬೆಳೆಯೋಕೆ ಬಿಡಲ್ಲ. ಒಣಗಿದಾಗ ಬೆಂಕಿ ಬಿತ್ತು ಅಂದ್ರೆ ಮರದ ತುದಿವರೆಗೂ ಏಳುತ್ತೆ. ಸಣ್ಣ ಬೆಂಕಿ ಬೇಡ ಅಂದು ದೊಡ್ಡ ಬೆಂಕಿಗೆ ಸೌದೆ ಕೂಡಿ ಹಾಕಿದ ಹಾಗಾಯ್ತು. ಸೋಲಿಗರ ಮಾತನ್ನ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಅವರ ಜೊತೆ ಕೂತು ಅಧ್ಯಯನ ಮಾಡಿ ಬರೆದಿದಾರೆ, ಆಸಕ್ತಿ ಇದ್ರೆ ಓದಿ.

ಅದೇ ಕಾಡಿನೊಳಗೆ ಖಾಸಗಿ ಕಾಫಿ ಎಸ್ಟೇಟ್‌ಗಳು ಮಾತ್ರ ಆರಾಮಾಗಿ ಇದ್ದವು. ಈಗಲೂ ಇವೆ. ಇದನ್ನ ಯಾವ ಟಾಪ್ 10 ಲಿಸ್ಟೂ ಹೇಳಲ್ಲ, ಬಿಡಿ.

2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆ ಆಯ್ತು. ಮತ್ತೆ ಎಲ್ಲಿ ಎತ್ತಂಗಡಿ ಮಾಡ್ತಾರೋ ಅನ್ನೋ ಭಯ. ಸೋಲಿಗರು ಸುಮ್ಮನಿರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಹಿಡ್ಕೊಂಡು ಗ್ರಾಮಸಭೆ ಮಾಡಿ, ಅರ್ಜಿ ಹಾಕಿ, ಅದೇ ವರ್ಷ ಅಕ್ಟೋಬರ್‌ನಲ್ಲಿ ಸಮುದಾಯ ಅರಣ್ಯ ಹಕ್ಕು ಪಡೆದರು. ಜೇನು, ನೆಲ್ಲಿ, ಕಲ್ಲುಹೂವು ತರೋ ಹಕ್ಕು, ದೇವರ ಜಾಗಕ್ಕೆ ಹೋಗೋ ಹಕ್ಕು. ದೇಶದ ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ಸಿಕ್ಕಿದ್ದು ಅದೇ ಮೊದಲು. ಯಳಂದೂರು, ಚಾಮರಾಜನಗರದ ಪೋಡುಗಳೋರು ಇಡೀ ದೇಶಕ್ಕೆ ದಾರಿ ತೋರಿಸಿದ್ರು ಮಗಾ. ನಮ್ಮ ಕಾಲೇಜಲ್ಲಿ ಎಷ್ಟು ಜನಕ್ಕೆ ಗೊತ್ತು? ಸೋಲಿಗರು ಅಲ್ಲೇ ಇದಾರೆ, ಹುಲೀನೂ ಅಲ್ಲೇ ಇದೆ.

ಒಂದು ಸಣ್ಣ ವಿಷಯ, ನನಗೆ ಖುಷಿ ಕೊಟ್ಟಿದ್ದು: ಆ ಕಾಡಲ್ಲಿ ಸಿಕ್ಕ ಒಂದು ಪುಟ್ಟ ಕಪ್ಪೆಗೂ, ಒಂದು ಕಣಜಕ್ಕೂ ವಿಜ್ಞಾನಿಗಳು ಸೋಲಿಗರ ಹೆಸರಿಟ್ಟಿದಾರೆ.

(4/7)

ಇದು ಬರೆಯೋಕೆ ಕಷ್ಟ.

2025ರ ಜೂನ್ 26. ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ಸತ್ತು ಬಿದ್ದಿದ್ವು. ಹಸುವಿನ ಕಳೇಬರಕ್ಕೆ ವಿಷ ಹಾಕಿದ್ರು. ಹುಲಿ ಕೊಂದ ಹಸುವದು, ಆ ಸಿಟ್ಟಿಗೆ ವಿಷ ಅಂತ ತನಿಖೆಯಲ್ಲಿ ಬಂತು. ಹುಲಿವಾಹನ ಮಾದಪ್ಪನ ಬೆಟ್ಟ ಕಣ್ರೋ ಅದು. ದೇವರು ಹುಲಿ ಮೇಲೆ ಕೂತಿರೋ ಫೋಟೋ ನಮ್ಮೆಲ್ಲರ ಮನೇಲಿದೆ, ಆಟೋ ಗ್ಲಾಸ್ ಮೇಲಿದೆ, ನಿಮ್ಮ ಬೈಕ್ ಮೇಲೂ ಇದೆ.

ಆ ವಾರ ನಿಮ್ಮ ಸ್ಟೋರಿಗಳನ್ನ ನಾನು ನೋಡಿದೀನಿ. "ನೇಣಿಗೆ ಹಾಕಿ", "ಊರನ್ನೇ ಖಾಲಿ ಮಾಡ್ಸಿ", "ಇವರು ಮನುಷ್ಯರಾ". ವಿಷ ಹಾಕಿದ್ದು ಅಪರಾಧ. ನಾಲ್ಕು ಮರಿಗಳು ಏನು ಮಾಡಿದ್ವು? ಕಾನೂನು ಪ್ರಕಾರ ಶಿಕ್ಷೆ ಆಗಲಿ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಊರೇ ಖಾಲಿ ಮಾಡ್ಸಿ ಅಂತ ಬರೆದೋರಲ್ಲಿ ಎಷ್ಟು ಜನರ ಮನೇಲಿ ಹಸು ಇದೆ? ಕಾಡಂಚಿನ ಮನೇಲಿ ಹಸು ಅಂದ್ರೆ ಫಿಕ್ಸೆಡ್ ಡೆಪಾಸಿಟ್. ದಿನಾ ಡೈರಿಗೆ ಹಾಲು ಹಾಕಿ ಬರೋ ಬಡ್ಡಿಯಲ್ಲಿ ಮಕ್ಕಳ ಬಸ್ ಪಾಸ್ ಆಗುತ್ತೆ. ಅದು ಹೋದ್ರೆ ಪರಿಹಾರಕ್ಕೆ ಅರ್ಜಿ, ಫೋಟೋ, ಮಹಜರು, ಅಲೆದಾಟ.

ನಮ್ಮ ದೊಡ್ಡಪ್ಪನದು ಹನೂರು ಕಡೆ ಕಾಡಿನ ಪಕ್ಕದ ಹೊಲ. ಮುಸುಕಿನ ಜೋಳ ತೆನೆ ಕಟ್ಟಿದ ಮೇಲೆ ಕಟಾವಿನವರೆಗೂ ಅವರು ಮನೇಲಿ ಮಲಗಲ್ಲ. ಅಟ್ಟಣೆ ಮೇಲೆ, ಟಾರ್ಚು, ಪಟಾಕಿ, ತಗಡಿನ ಡಬ್ಬ. ಆನೆ ಬಂದ್ರೆ ಕೂಗಿ ಓಡಿಸಬೇಕು. ಬೆಳಗ್ಗೆ ಮತ್ತೆ ಹೊಲದ ಕೆಲಸ. ಕಾಸ್ಟ್ ಅಕೌಂಟಿಂಗ್ ನೋಟ್ಸ್ ತೆಗೆದು ನೋಡಿದೆ, ಆ ನಿದ್ದೆಗೆಟ್ಟ ರಾತ್ರಿಗಳನ್ನ ಯಾವ ಹೆಡ್ಡಿಗೆ ಹಾಕೋದು ಅಂತ. ಹೆಡ್ ಇಲ್ಲ. ಬೆಳೆ ಹೋದ್ರೆ ಪರಿಹಾರ ಉಂಟು. ಬೆಳೆ ಉಳಿಸಿಕೊಂಡ್ರೆ, ಅದಕ್ಕೆ ಕಳೆದ ರಾತ್ರಿಗಳಿಗೆ ಏನೂ ಇಲ್ಲ. ಇಷ್ಟಾದ್ರೂ ದೊಡ್ಡಪ್ಪ ಆನೆ ಅನ್ನಲ್ಲ, "ಗಣೇಶ ಬಂದಿದ್ದ" ಅಂತಾರೆ. ಇಂಥ ಸಾವಿರಾರು ಜನರ ತಾಳ್ಮೆ ಮೇಲೆ ಈ ಕಾಡು ನಿಂತಿದೆ. ಆ ತಾಳ್ಮೆ ಒಂದು ಕಡೆ ಮುರೀತು, ಐದು ಹುಲಿ ಹೋದ್ವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅದೇ ವನ್ಯಜೀವಿಧಾಮದಲ್ಲಿ ಕತ್ತರಿಸಿ ಹಾಕಿದ ಇನ್ನೊಂದು ಹುಲಿ ಸಿಕ್ತು.

ಇನ್ನೊಂದು ವಿಷಯ ಯಾರ ಸ್ಟೋರಿಯಲ್ಲೂ ಬರಲಿಲ್ಲ. ಕಾಡು ಕಾಯೋ ಹೊರಗುತ್ತಿಗೆ ನೌಕರರಿಗೆ ತಿಂಗಳುಗಳಿಂದ ಸಂಬಳ ಬಂದಿರಲಿಲ್ಲ, ಹುಲಿ ಸಾಯೋದಕ್ಕೆ ಕೆಲವೇ ದಿನ ಮುಂಚೆ ಅವರು ಪ್ರತಿಭಟನೆ ಮಾಡಿದ್ರು ಅಂತ ಪೇಪರ್‌ಗಳಲ್ಲಿ ಬಂತು. ರಾತ್ರಿ ಹೊತ್ತು ಕೋಲು ಹಿಡ್ಕೊಂಡು ಆನೆ ಕಾಡಲ್ಲಿ ತಿರುಗೋನಿಗೆ ಸಂಬಳ ಇಲ್ಲ. ಹುಲಿ ಸತ್ತ ಮೇಲೆ ಮಾತ್ರ ಎಲ್ಲರಿಗೂ ಹುಲಿ ನೆನಪು.

ಆಮೇಲೆ ಸರ್ಕಾರ ಹೇಳಿದ್ದು: ಕಾಡಲ್ಲಿ ದನ ಮೇಯಿಸೋದು ನಿಷೇಧ. ಹೊರಗಿನಿಂದ ನೂರಾರು ದನ ಹೊಡ್ಕೊಂಡು ಬಂದು ಕಾಡಿಗೆ ಬಿಡೋರನ್ನ ತಡೀಲಿ, ಖಂಡಿತ ತಡೀಲಿ. ಆದ್ರೆ ಮೂರು ಹಸು ಇಟ್ಕೊಂಡಿರೋ ಕಾಡೊಳಗಿನ ಅಜ್ಜಿಗೂ ಅದೇ ರೂಲ್ ಅಂದ್ರೆ? ಮೇವು ಎಲ್ಲಿಂದ ಅಂತ ಹೇಳದೆ ಬೇಡ ಅಂತ ಮಾತ್ರ ಹೇಳಿದ್ರೆ, ಇನ್ನೊಬ್ಬನ ಸಿಟ್ಟಿಗೆ ದಾರಿ ಮಾಡಿಕೊಟ್ಟ ಹಾಗೆ.

(5/7)

ಡಿಎಂನಲ್ಲಿ ಕೇಳಿದೀರ: ಮಲೆ ಮಹದೇಶ್ವರ ಬೆಟ್ಟವನ್ನೂ ಹುಲಿ ಸಂರಕ್ಷಿತ ಪ್ರದೇಶ ಮಾಡಬೇಕಾ, ಬೇಡ್ವಾ?

2013ರಲ್ಲಿ ವನ್ಯಜೀವಿಧಾಮ ಆದಾಗಿಂದ ಈ ಮಾತು ನಡೀತಿದೆ, ಪ್ರಸ್ತಾವ ಹೋಗುತ್ತೆ, ನಿಲ್ಲುತ್ತೆ. ನನ್ನ ಅಭಿಪ್ರಾಯ: ಮಾಡಲಿ. ಹುಲಿ ಇದೆ, ಬಿಆರ್‌ಟಿಗೂ ತಮಿಳುನಾಡಿನ ಸತ್ಯಮಂಗಲಕ್ಕೂ ಹೊಂದಿಕೊಂಡಿರೋ ಕಾಡಿದು, ದುಡ್ಡೂ ಕಾವಲೂ ಜಾಸ್ತಿ ಬಂದ್ರೆ ಒಳ್ಳೇದೇ. ಆದ್ರೆ ಬಿಳಿಗಿರಿಯಲ್ಲಿ ಮೊದಲು ಹುಲಿ ಬೋರ್ಡು ಬಂತು, ಹಕ್ಕುಪತ್ರ ಆಮೇಲೆ ಬಂತು, ಅದೂ ಹೋರಾಟ ಮಾಡಿದ ಮೇಲೆ. ಇಲ್ಲಿ ಉಲ್ಟಾ ಆಗಬೇಕು. ಮೊದಲು ಗ್ರಾಮಸಭೆ, ಮೊದಲು ಹಕ್ಕುಪತ್ರ, ಆಮೇಲೆ ಬೋರ್ಡು. ಜನರನ್ನ ಹೆದರಿಸಿ ಮಾಡಿದ ಕಾಡನ್ನ ಜನ ಕಾಯಲ್ಲ. ಇದಕ್ಕೆ "ಅಭಿವೃದ್ಧಿ ವಿರೋಧಿ" ಅಂತ ಒಬ್ಬ ಬೈದ, "ಪ್ರಾಣಿ ವಿರೋಧಿ" ಅಂತ ಇನ್ನೊಬ್ಬ. ಇಬ್ರೂ ಸೇರಿ ಮೊದಲು ಡಿಸೈಡ್ ಮಾಡ್ಕೊಂಡು ಬನ್ನಿ.

(6/7)

ಈಗ ನಮ್ಮ ಸರದಿ. ಶಾರ್ಟ್ ಆಗಿ ಹೇಳ್ತೀನಿ, ಬೈಗುಳ ಉದ್ದ ಆದ್ರೆ ಯಾರೂ ಓದಲ್ಲ.

ಘಾಟಿಯಲ್ಲಿ ಬೈಕ್ ನಿಲ್ಲಿಸಿ ಕೋತಿಗೆ ಕುರ್ಕುರೆ ಹಾಕಬೇಡಿ. ಆನೆ ಕಂಡ್ರೆ ಇಳಿಯಬೇಡಿ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೇಲಿ ಆನೆ ಜೊತೆ ಸೆಲ್ಫಿಗೆ ಇಳಿದೋರನ್ನ ಆನೆ ಅಟ್ಟಿಸಿಕೊಂಡು ಹೋಗಿ ತುಳಿದ ವಿಡಿಯೋ ನೀವೇ ನನಗೆ ಕಳಿಸಿದ್ರಿ, ನಗೋ ಎಮೋಜಿ ಹಾಕಿ. ಅವರು ಬದುಕಿಕೊಂಡ್ರು, 25,000 ರೂಪಾಯಿ ದಂಡ ಕಟ್ಟಿದ್ರು. ಆನೆಗೆ ಮಾತ್ರ "ಪುಂಡಾನೆ" ಅಂತ ಹೆಸರು.

ಭರಚುಕ್ಕಿ ಬಂಡೆ ಮೇಲೆ ಒಡೆದ ಬಿಯರ್ ಬಾಟಲಿ ಬೆಂಗಳೂರೋರದ್ದೇ ಅಂತ ಹೇಳ್ಕೊಂಡು ತಿರುಗಬೇಡಿ. ಯಾರದು ಅಂತ ನಮಗೆ ಗೊತ್ತು. ತಾಳಬೆಟ್ಟದಿಂದ ಪಾದಯಾತ್ರೆ ಹೋಗೋ ದಾರೀಲಿ ನೀರಿನ ಪ್ಯಾಕೆಟ್ಟು, ತಟ್ಟೆ ಬಿಸಾಕೋರೂ ನಮ್ಮೋರೇ. ಉಘೇ ಅನ್ನೋ ಬಾಯಿಗೆ ಒಂದು ಚೀಲ ಹಿಡ್ಕೊಳ್ಳೋ ಕೈನೂ ಇರಲಿ.

ಮತ್ತೆ, ಪ್ರಾಣಿ ಕಂಡ ಜಾಗದ ಲೊಕೇಶನ್ ಹಾಕಬೇಡಿ. ಹುಲಿ ಮರಿ ಎಲ್ಲಿದೆ ಅಂತ ಪಿನ್ ಹಾಕಿದ್ರೆ ಲೈಕ್ ಒತ್ತೋರು ಮಾತ್ರ ನೋಡ್ತಾರೆ ಅನ್ಕೊಂಡ್ರಾ?

(7/7)

"ಹಾಗಾದ್ರೆ ಎಲ್ಲೂ ಹೋಗೋದೇ ಬೇಡ್ವಾ ಅಕ್ಕ?" ಅಂತ ಜೂನಿಯರ್ ಒಬ್ಬಳು ಕೇಳಿದ್ಲು. ಹೋಗಿ. ಹೋಗದೆ ಇದ್ರೆ ಈ ಕಾಡು ಬೇಕು ಅಂತ ಕೇಳೋರೂ ಇರಲ್ಲ.

ಯಳಂದೂರಿಂದ ಬೆಟ್ಟಕ್ಕೆ ಬಸ್ಸಿದೆ. ಹುಡುಗೀರಿಗೆ ಶಕ್ತಿ ಯೋಜನೇಲಿ ಟಿಕೆಟ್ ದುಡ್ಡೂ ಇಲ್ಲ, ಇನ್ನೇನು ಬೇಕು. ಜಂಗಲ್ ಲಾಡ್ಜಸ್‌ನಲ್ಲಿ ಒಂದು ರಾತ್ರಿ ಉಳಿಯೋಕೆ ಸಾವಿರಗಟ್ಟಲೆ ಕೊಡೋ ಶಕ್ತಿ ನಮಗಿಲ್ಲ, ಬೇಕಾಗೂ ಇಲ್ಲ. ಬೆಟ್ಟದಲ್ಲಿ ಸೋಲಿಗರ ಜೇನು, ಅವರೇ ಬೆಳೆದ ಕಾಫಿ ಸಿಕ್ಕುತ್ತೆ, ಚೌಕಾಸಿ ಮಾಡದೆ ತಗೊಳ್ಳಿ. ಡಾ. ಸುದರ್ಶನ್ 1981ರಲ್ಲಿ ಶುರು ಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಅಲ್ಲೇ ಇದೆ, ಹೊರಗಿನಿಂದ ನೋಡಿಕೊಂಡು ಬಂದ್ರೂ ಸಾಕು. ಸಂಜೆ ಗೇಟ್ ಮುಚ್ಚೋದ್ರೊಳಗೆ ಇಳಿದುಬಿಡಿ.

ಗೋಪಿನಾಥಂಗೆ ಹೋದ್ರೆ ಬರೀ ವೀರಪ್ಪನ್ ಊರು ಅಂತ ಥಂಬ್‌ನೇಲ್ ಹಾಕಬೇಡಿ. ಆ ಊರಿಗೆ ಮಾರಿಯಮ್ಮನ ಗುಡಿ ಕಟ್ಟಿಸಿಕೊಟ್ಟ, ಜನರ ವಿಶ್ವಾಸ ಗಳಿಸಿದ್ದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಹೆಸರು ಅಲ್ಲಿನ ಹಿರಿಯರನ್ನ ಕೇಳಿ. 1991ರ ನವೆಂಬರ್‌ನಲ್ಲಿ ಅವರನ್ನ ನಂಬಿಸಿ ಕರೆಸಿ ಕೊಂದ್ರು. ಬಂದೂಕಿಲ್ಲದೆ ಕಾಡು ಕಾಯೋಕೆ ಹೊರಟ ಮನುಷ್ಯ. ವೀರಪ್ಪನ್ ಮೇಲೆ ಎಷ್ಟು ಸಿನಿಮಾ, ಎಷ್ಟು ಸೀರೀಸ್ ಬಂತು ಲೆಕ್ಕ ಹಾಕಿ. ಇವರ ಮೇಲೆ ಎಷ್ಟು?

ವಾಪಸ್ ಬರ್ತಾ ಒಡೆಯರಪಾಳ್ಯದಲ್ಲಿ ಟಿಬೆಟಿಯನ್ನರ ಕ್ಯಾಂಪ್‌ನಲ್ಲಿ ಮೋಮೋ ತಿನ್ನಿ. ಇದಕ್ಕೂ ಕಾಡಿಗೂ ಸಂಬಂಧ ಇಲ್ಲ, ಚೆನ್ನಾಗಿರುತ್ತೆ ಅಂತ ಹೇಳಿದೆ ಅಷ್ಟೆ.

ನಾಗಮಲೆಗೂ ಹೋಗಿ, ಅನುಮತಿ ತಗೊಂಡು. ಬಂಡೆಯ ಫೋಟೋ ನಮ್ಮೆಲ್ಲರ ಹತ್ರ ಇದೆ, ಅದು ಸಾಕು. ಇಂಡಿಗನತ್ತದ ರಸ್ತೆ ಫೋಟೋ ಒಂದು ತೆಗೀರಿ, ತಾರೀಕು ಹಾಕಿ, ನನ್ನನ್ನ ಟ್ಯಾಗ್ ಮಾಡಿ. ಇವತ್ತಿಂದ ಒಂದು ಹೈಲೈಟ್ ಮಾಡಿ ಅದರಲ್ಲಿ ಎಲ್ಲಾ ಸೇರಿಸ್ತೀನಿ, ಹನೂರಿನ ಶಾಸಕರ ಪೇಜ್‌ನ ಪ್ರತಿ ಪೋಸ್ಟ್ ಕೆಳಗೂ ಲಿಂಕ್ ಹಾಕ್ತೀನಿ. ಮೊದಲನೇ ಫೋಟೋ ಯಾರದು?

#ಹಿಡನ್ಅಲ್ಲ #ಮಾದಪ್ಪನಬೆಟ್ಟ #ಬಿಳಿಗಿರಿರಂಗನಬೆಟ್ಟ #ಹನೂರು #ಕೊಳ್ಳೇಗಾಲ #ಯಳಂದೂರು